ಚಪ್ಪಲಿ ಪಕ್ಕದ ನ್ಯೂಜೆರ್ಸಿ

ಡಚ್ಚರ ನಾಡಿನ ಆಮರ್ಸ್‌ಫೋರ್ಟಿನ ಶಾಲೆಯೊಂದರ ಆಟದ ಹಾಲಿನಲ್ಲಿ ಹಿತಾ ಎರಡು ದಿನ ಮಂಡಿಯೂರಿ ಕೂತು ಅಮೆರಿಕದ ಒಂದು ರಾಜ್ಯವನ್ನು ರಂಗೋಲಿಯಲ್ಲಿ ಬಿಡಿಸಿ ಮುಗಿಸಿದ್ದಳು. ನೆಲದ ಮೇಲೆ ಒಂದು ಚಿಟಿಕೆ ಪುಡಿ ಬಿದ್ದರೂ ಕಾರ್ಯಕ್ರಮ ರದ್ದು ಎಂದು ಶಾಲೆಯ ಮೇಲ್ವಿಚಾರಕ ಮೊದಲೇ ಹೇಳಿದ್ದರಿಂದ, ಬೌವ್‌ಮಾರ್ಕ್ಟ್ ಎಂಬ ಮನೆ ಕಟ್ಟುವ ಸಾಮಾನಿನ ಅಂಗಡಿಯಿಂದ ಪ್ಲೈವುಡ್ ಹಲಗೆಗಳನ್ನು ತರಿಸಿ, ಹಾಲಿನ ಅಡ್ಡಕ್ಕೆ ಜೋಡಿಸಿ, ಅದರ ಮೇಲೆ ನ್ಯೂಜೆರ್ಸಿಯನ್ನು ಮಲಗಿಸಿದ್ದಾಯಿತು. ಸಮುದ್ರ ವೇದಿಕೆಯ ಕಡೆಗೆ, ಒಳನಾಡು ದೊಡ್ಡ ಬಾಗಿಲ ಕಡೆಗೆ. ಬಣ್ಣದ ಪುಡಿ ಮೈಸೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಕೂತು ಬಂದಿತ್ತು. ನೀಲಿ ಬಣ್ಣಕ್ಕೆ ಇಂಗಿನ ವಾಸನೆ ಹತ್ತಿ, ಅಟ್ಲಾಂಟಿಕ್ ಸಾಗರವೇ ಒಗ್ಗರಣೆಯ ಹಾಗೆ ಘಮಘಮಿಸುತ್ತಿತ್ತು.

ಇದೆಲ್ಲ ತಗ್ಗುನಾಡ ಕನ್ನಡ ಬಳಗದ ರಾಜ್ಯೋತ್ಸವಕ್ಕಾಗಿ. ನ್ಯೂಜೆರ್ಸಿಯ ಕನ್ನಡಿಗರ ಒಂದು ತಂಡ ಯುರೋಪ್ ಪ್ರವಾಸಕ್ಕೆ ಬಂದಿತ್ತು. ಅವರನ್ನು ಹೇಗಾದರೂ ಬೆರಗುಗೊಳಿಸಲೇಬೇಕೆಂದು ಬಳಗದ ಅಧ್ಯಕ್ಷ ಗೋವಿಂದರಾಜು ಹಟ ತೊಟ್ಟಿದ್ದರು. ಬೆಂಗಳೂರಿನವರು, ಇಲ್ಲಿನ ಒಂದು ಕಂಪನಿಯಲ್ಲಿ ದೊಡ್ಡ ಮ್ಯಾನೇಜರು. ಅವರು ಯಾವ ವಿಷಯದ ಬಗ್ಗೆ ಮಾತಾಡಿದರೂ ಎದುರಿಗೆ ಕೂತವರಿಗೆ ತಾವು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದೇವೆಯೋ ಏನೋ ಎಂಬ ಅನುಮಾನ ಬರುತ್ತಿತ್ತು. "ಲೈಡನ್‌ನಲ್ಲಿ ಹಳೇ ಮ್ಯಾಪು ಓದಿರೋ ಹುಡುಗಿ ಇದಾಳಲ್ಲ, ಮಾತಾಡಲ್ಲ, ಆದ್ರೆ ಕೆಲಸ ಮಾಡ್ತಾಳೆ" ಎಂದು ಯಾರೋ ಹಿತಾಳ ಹೆಸರು ಹೇಳಿದ್ದರು. ಬಳಗದಲ್ಲಿ ಮಾತಾಡದೆ ಕೆಲಸ ಮಾಡುವವರ ಕೊರತೆ ಬಹಳವಾದ್ದರಿಂದ ಅವಳನ್ನು ತಕ್ಷಣ ಹಿಡಿದು ತಂದರು.

ಹಿತಾ ಒಪ್ಪಿದ್ದು ಬಳಗದ ಮೇಲಿನ ಪ್ರೀತಿಯಿಂದಲ್ಲ. ಅವಳ ಓದು ಮುಗಿದು, ಕೆಲಸ ಹುಡುಕಲು ಸರ್ಕಾರ ಕೊಡುವ ಒಂದು ವರ್ಷದ ಪರವಾನಗಿ ಡಿಸೆಂಬರಿಗೆ ತೀರುವುದಿತ್ತು. ಉತ್ತರದ ಹಳೆಯ ಬಂದರು ಪಟ್ಟಣವೊಂದರ ಸಣ್ಣ ಸಂಗ್ರಹಾಲಯ ಒಂದು ಪ್ರದರ್ಶನ ಮಾಡಲು ಹೊರಟಿತ್ತು: ನಾನೂರು ವರ್ಷದ ಕೆಳಗೆ ಡಚ್ ನಾವಿಕರು ನ್ಯೂಜೆರ್ಸಿಯ ಕರಾವಳಿಗೆ ಇಟ್ಟ ಹೆಸರುಗಳ ಬಗ್ಗೆ. ಅದಕ್ಕೊಬ್ಬ ಸಹಾಯಕಿ ಬೇಕಿತ್ತು. ಅದರ ಮುಖ್ಯಸ್ಥೆ ಮಾರ್ಯೋಲೈನ್, ಹಿತಾಳ ಅರ್ಜಿಯಲ್ಲಿ ಈ ರಂಗೋಲಿಯ ಪ್ರಸ್ತಾಪ ಓದಿ ಫೋನ್ ಮಾಡಿದ್ದಳು. "ಅರ್ಜಿ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಶನಿವಾರ ಆಮರ್ಸ್‌ಫೋರ್ಟಿನಲ್ಲಿ ನನ್ನ ತಂಗಿಯ ಮನೆಗೆ ಬರುತ್ತೇನೆ. ನಿಮ್ಮ ನೆಲದ ನಕ್ಷೆ ನೋಡಿ ತೀರ್ಮಾನಿಸುತ್ತೇನೆ" ಎಂದಿದ್ದಳು.

ಅಂದರೆ ಈ ರಂಗೋಲಿಯೇ ಸಂದರ್ಶನ. ಇದು ಕೆಟ್ಟರೆ ಚಳಿಗಾಲಕ್ಕೆ ವಾಪಸು ಮೈಸೂರು.

ಹಾಗಾಗಿ ಹಿತಾ ಜೀವ ತೇಯ್ದು ಬಿಡಿಸಿದ್ದಳು. ಉತ್ತರದಲ್ಲಿ ಕೊಕ್ಕೆಯ ಹಾಗೆ ಬಾಗಿದ ಮರಳಿನ ಚಾಚು, ಸ್ಯಾಂಡಿ ಹುಕ್. ಅದರ ಕೆಳಗೆ ದಡಕ್ಕೆ ಅಂಟಿಯೂ ಅಂಟದೆ ಉದ್ದಕ್ಕೆ ಮಲಗಿದ ಮರಳ ದಿಬ್ಬದ ದ್ವೀಪಗಳು, ಅವುಗಳ ಹಿಂದೆ ನಿಂತ ಹಿನ್ನೀರು. ದಿಬ್ಬ ಕಡಿದು ಕಡಲು ಒಳನುಗ್ಗುವ ಅಳಿವೆ ಬಾರ್ನೆಗಾಟ್; ಅಲೆ ಒಡೆದು ಬುಸುಗುಡುವುದನ್ನು ಕಂಡು ಡಚ್ಚರು ಇಟ್ಟ ಹೆಸರು. ಹಕ್ಕಿಗಳ ಮೊಟ್ಟೆ ರಾಶಿ ರಾಶಿ ಸಿಕ್ಕಿತೆಂದು 'ಮೊಟ್ಟೆ ಬಂದರು' ಎಂದು ಕರೆದ ಎಗ್ ಹಾರ್ಬರ್. ದಕ್ಷಿಣದ ತುತ್ತತುದಿಯಲ್ಲಿ ಕೇಪ್ ಮೇ. ಆ ಭೂಶಿರಕ್ಕೆ ಹೆಸರು ಕೊಟ್ಟ ಕ್ಯಾಪ್ಟನ್ ಕೊರ್ನೇಲಿಸ್ ಮೇ ಎಂಬ ಮಹಾಶಯನ ಬಗ್ಗೆ ಹಿತಾಳಿಗೆ ವಿಶೇಷ ತಿರಸ್ಕಾರವಿತ್ತು. ಕೊಲ್ಲಿಯ ಈ ಬದಿಯ ಭೂಶಿರಕ್ಕೆ ತನ್ನ ಮನೆತನದ ಹೆಸರು ಇಟ್ಟವನು, ಎದುರು ಬದಿಯದಕ್ಕೆ ಕೊರ್ನೇಲಿಯಸ್ ಎಂದು ತನ್ನದೇ ಇನ್ನರ್ಧ ಹೆಸರು ಇಟ್ಟಿದ್ದ. ಪುಣ್ಯಕ್ಕೆ ಎದುರು ಬದಿಯದು ಉಳಿಯಲಿಲ್ಲ.

ಅಲ್ಲಿ ಮೊದಲೇ ಜನರಿದ್ದರು, ಲೆನಾಪೆ ಜನ. ಅವರ ಹೆಸರುಗಳೂ ಇದ್ದವು: ನೇವ್‌ಸಿಂಕ್, ಮನಾಸ್ಕ್ವಾನ್, ಆಬ್ಸೀಕನ್. ಅವನ್ನು ಹಿತಾ ಬಿಳಿ ಪುಡಿಯಲ್ಲಿ ಮೊದಲು ಎಳೆದು, ಅದರ ಮೇಲೆ ಡಚ್ಚರದನ್ನು ಕೇಸರಿಯಲ್ಲಿ, ಕೊನೆಗೆ ಈಗಿನದನ್ನು ನೀಲಿಯಲ್ಲಿ ಬರೆದಿದ್ದಳು. ರಂಗೋಲಿ ಹಾಕುವ ಕ್ರಮವೂ ಅದೇ ತಾನೇ, ಮೊದಲು ಬಿಳಿ, ಆಮೇಲೆ ಬಣ್ಣ. ಅತಿಥಿಗಳು ವಾಸವಿರುವ ಊರುಗಳನ್ನು ಅವು ನಿಜಕ್ಕೂ ಇರುವ ಒಳನಾಡಿನಲ್ಲೇ ಕೆಂಪಿನಲ್ಲಿ ಗುರುತಿಸಿದ್ದಳು. ಮುಖ್ಯ ಅತಿಥಿ ರುದ್ರಪ್ಪನವರ ಊರು ಬ್ರಿಜ್‌ವಾಟರ್. ಅದು ಸಮುದ್ರದಿಂದ ದೂರ, ಹಾಲಿನ ಲೆಕ್ಕದಲ್ಲಿ ದೊಡ್ಡ ಬಾಗಿಲ ಹತ್ತಿರ.

ಶನಿವಾರ ಬೆಳಿಗ್ಗೆ ಸೀರೆ ಉಟ್ಟುಕೊಂಡು ಹಾಲಿಗೆ ಬಂದ ಹಿತಾ ನಕ್ಷೆಯನ್ನು ನೋಡಿ ಬಾಗಿಲಲ್ಲೇ ನಿಂತಳು.

ಬ್ರಿಜ್‌ವಾಟರ್ ಸಮುದ್ರತೀರಕ್ಕೆ ಬಂದಿತ್ತು. ಬರೀ ತೀರಕ್ಕಲ್ಲ, ವೇದಿಕೆಗೆ ನೇರವಾಗಿ, ಕೇಪ್ ಮೇಯ ನೆತ್ತಿಯ ಮೇಲೆ ಕೂತಿತ್ತು. ಉಳಿದ ಅತಿಥಿಗಳ ಎಡಿಸನ್, ಪ್ಲೇನ್ಸ್‌ಬರೋಗಳು ಮದುವೆ ಮನೆಯ ಬೀಗರ ಹಾಗೆ ಮರಳ ದಿಬ್ಬದ ಮೇಲೆ ಸಾಲಾಗಿ ಕೂತಿದ್ದವು. ಆಬ್ಸೀಕನ್ ಮಾಯ. ಬಾರ್ನೆಗಾಟಿನ ಹಿನ್ನೀರಿನ ನಟ್ಟನಡುವೆ ಹಿತ್ತಾಳೆಯ ದೀಪದ ಕಂಬ.

"ಅಂಕಲ್, ಬ್ರಿಜ್‌ವಾಟರ್..." ಎಂದಳು.

"ಹಾಂ, ನೋಡಿದ್ಯಾ?" ಗೋವಿಂದರಾಜು ಜುಬ್ಬದ ತೋಳು ಮಡಚುತ್ತ ಬಂದರು. "ಬೆಳಿಗ್ಗೆ ಬಂದು ನೋಡ್ತೀನಿ, ಎದೆ ಧಸಕ್ ಅಂತು ಕಣಮ್ಮ. ಚೀಫ್ ಗೆಸ್ಟ್ ಊರು ಕರೆಕ್ಟಾಗಿ ಚಪ್ಪಲಿ ಪಕ್ಕ! ರುದ್ರಪ್ಪನವರು ಬರ್ತಾರೆ, ಶೂಸ್ ಬಿಚ್ತಾರೆ, ಬಗ್ಗಿ ನೋಡಿದ್ರೆ ಶೂಸ್ ಪಕ್ಕದಲ್ಲಿ ಅವರೂರು. ಏನಂದ್ಕೋತಾರೆ?"

ನಿಜ, ದೊಡ್ಡ ಬಾಗಿಲ ಒಳಗಡೆ, ಬ್ರಿಜ್‌ವಾಟರ್ ಇದ್ದಲ್ಲಿಂದ ಒಂದು ಮಾರು ದೂರದಲ್ಲಿ, ಬೆಳಿಗ್ಗೆಯೇ ಬಂದ ಸದಸ್ಯರ ಚಪ್ಪಲಿ, ಶೂ, ಮಕ್ಕಳ ಮಳೆಬೂಟುಗಳ ಗುಡ್ಡೆ ಬಿದ್ದಿತ್ತು. ಮರದ ನೆಲಕ್ಕೆ ಹೊರಗಿನ ಪಾದರಕ್ಷೆ ತಾಗಬಾರದೆಂದು ಮೇಲ್ವಿಚಾರಕನ ಕಟ್ಟಪ್ಪಣೆ. ಹೊರಗೆ ಬಿಡೋಣವೆಂದರೆ ಮಳೆ.

"ಆ ಊರು ಇರೋದೇ ಅಲ್ಲಿ, ಅಂಕಲ್."

"ಇರ್ಬಹುದಮ್ಮ. ಮ್ಯಾಪಲ್ಲಿ ಇರ್ಬಹುದು. ಇದು ಫಂಕ್ಷನ್ನು."

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಸಂದೀಪ್ ಕೈಯ ಕೆಂಪು ಪುಡಿ ಕೊಡವಿಕೊಂಡ. ಬಳಗದ ಕಾರ್ಯದರ್ಶಿ, ಗೋವಿಂದರಾಜು ಹೇಳಿದ್ದನ್ನು ಅವರು ಹೇಳಿ ಮುಗಿಸುವ ಮೊದಲೇ ಮಾಡಿ ಮುಗಿಸುವವನು. "ನಿನ್ನ ಸ್ಟೈಲ್ ಏನೂ ಹಾಳ್ಮಾಡಿಲ್ಲ ಹಿತಾ. ಸೇಮ್ ಕಲರ್, ಸೇಮ್ ಸೈಜ್. ಲೊಕೇಶನ್ ಅಷ್ಟೇ ಚೇಂಜು."

"ಕೇಪ್ ಮೇ ಎಲ್ಲಿ?"

"ಅಲ್ಲಿಂದ ಯಾರೂ ಬರ್ತಿಲ್ಲ ಕಣೆ. ಗೆಸ್ಟ್ ಲಿಸ್ಟಲ್ಲಿ ಚೆಕ್ ಮಾಡ್ದೆ."

"ಬಾರ್ನೆಗಾಟ್ ನೀರಲ್ಲಿ ದೀಪ..."

"ಲೈಟ್‌ಹೌಸ್!" ಎಂದು ಗೋವಿಂದರಾಜು ಚಿಟಿಕೆ ಹೊಡೆದರು. "ನನ್ನ ಐಡಿಯಾ. ಹೆಂಗಿದೆ?"

ಹಿತಾಳ ತಲೆಯೊಳಗೆ ಒಬ್ಬ ಮಹಾ ವಾಗ್ಮಿ ಎದ್ದು ನಿಂತಿದ್ದಳು. ಸ್ವಾಮಿ ಅಧ್ಯಕ್ಷರೇ, ಆಸನ ವ್ಯವಸ್ಥೆ ಮಾಡುವ ಹಾಗೆ ಭೂಗೋಳ ಮಾಡಬಹುದಾದರೆ ಹಿಮಾಲಯವನ್ನೂ ಎರಡನೇ ಸಾಲಿಗೆ ಹಾಕಬಹುದಲ್ಲ. ನಾನೂರು ವರ್ಷದಿಂದ ಬಿರುಗಾಳಿಗೂ ಅಲುಗದ ಭೂಶಿರವನ್ನು ತಾವು ಒಂದು ಹಿಡಿ ಕುಂಕುಮದಲ್ಲಿ ಅಳಿಸಿದಿರಲ್ಲ, ತಮಗೆ ಶಾಲು ಹೊದಿಸಬೇಕು. ಹೀಗೆ ಅವಳು ನಿರರ್ಗಳವಾಗಿ, ಅಲ್ಪವಿರಾಮಗಳ ಸಮೇತ ಮಾತಾಡಿದಳು. ಬಾಯಿಂದ ಬಂದದ್ದು "ಸರಿ ಅಂಕಲ್" ಅಷ್ಟೇ. ಗೋವಿಂದರಾಜು ಹೂವಿನ ಹಾರ ತರಲು ಕಾರಿನ ಕಡೆ ಹೋದರು. ಸಂದೀಪ್ ಅವರ ಹಿಂದೆ ಕೊಡೆ ಹಿಡಿದು ಓಡಿದ.

ಅವಳಿಗೆ ಅವರ ಮೇಲೆ ಬಂದ ತಿರಸ್ಕಾರಕ್ಕಿಂತ ತನ್ನ 'ಸರಿ ಅಂಕಲ್' ಮೇಲೆ ಬಂದದ್ದು ಹೆಚ್ಚು. ಮಾರ್ಯೋಲೈನ್ ಬಂದು ಈ ನಕ್ಷೆ ನೋಡಿದರೆ? ಹಳೆಯ ಕಡಲ ನಕ್ಷೆಗಳನ್ನು ಓದಿದ್ದೇನೆ ಎನ್ನುವವಳು ಒಳನಾಡಿನ ಊರನ್ನು ಕಡಲಿಗೆ ತಳ್ಳಿದ್ದಾಳೆ. ಅಧ್ಯಕ್ಷರು ತಿದ್ದಿದರು ಎಂದು ಹೇಳುವುದೇ? ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ? ಡಚ್ಚರಿಗೆ ಆ ಪ್ರಶ್ನೆ ಕೇಳಲು ಒಂದಿಷ್ಟೂ ಸಂಕೋಚವಿಲ್ಲ. ಇನ್ನು ತಾನೇ ಕೂತು ತಿದ್ದಿಬಿಡೋಣವೆಂದರೆ, ಹಾರ ಹಿಡಿದು ವಾಪಸು ಬರುವ ಗೋವಿಂದರಾಜು ಮತ್ತೆ ಬದಲಾಯಿಸುತ್ತಾರೆ. ಈ ಸಲ ಬೆಂಗಳೂರನ್ನೂ ಸೇರಿಸಿಯಾರು.

ಅವಳು ಆ ಗುಡ್ಡೆಯ ಕಡೆ ನೋಡಿದಳು. ಅಧ್ಯಕ್ಷರಿಗೆ ಬ್ರಿಜ್‌ವಾಟರ್ ಮೇಲೆ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಚಪ್ಪಲಿಯದು.

ವೇದಿಕೆಯ ಬದಿಯಲ್ಲಿ, ಸೈಕಲ್ ಶೆಡ್ಡಿನ ಕಡೆಗೆ ತೆರೆಯುವ ಗಾಜಿನ ಇನ್ನೊಂದು ಬಾಗಿಲಿತ್ತು. ಹಿತಾ ಸೆರಗು ಸಿಕ್ಕಿಸಿ, ಉಳಿದಿದ್ದ ಒಂದು ಹಲಗೆಯನ್ನು ಗೋಡೆಯಿಂದ ಎಳೆದು, ಅದರ ಮೇಲೆ ಚಪ್ಪಲಿಗಳನ್ನು ಜೋಡಿ ತಪ್ಪದ ಹಾಗೆ ಇಡತೊಡಗಿದಳು. ಬೆಳ್ಳಿಯ ಅಂಚಿನ ಕೊಲ್ಹಾಪುರಿ, ಆಫೀಸಿನ ಕಪ್ಪು ಶೂ, ಕಪ್ಪೆಯ ಮುಖವಿರುವ ಮಗುವಿನ ಬೂಟು. ನ್ಯೂಜೆರ್ಸಿಯನ್ನು ಸುತ್ತು ಹಾಕಿ, ಸ್ಯಾಂಡಿ ಹುಕ್ ಬಳಸಿ, ಹಲಗೆಯನ್ನು ಹಡಗಿನ ಹಾಗೆ ಎಳೆದುಕೊಂಡು ಗಾಜಿನ ಬಾಗಿಲಿಗೆ ಹೋಗಿ ಸುರಿದಳು. ಮತ್ತೊಂದು ಸುತ್ತು, ಮಗದೊಂದು. ತಿಂಡಿಯ ಹತ್ತಿರ ನೆರೆದಿದ್ದವರು ಒಬ್ಬರೂ ತಿರುಗಿ ನೋಡಲಿಲ್ಲ. ಮಾತಾಡದೆ ಕೆಲಸ ಮಾಡುವವರನ್ನು ಯಾರೂ ನೋಡುವುದಿಲ್ಲ, ಅದೊಂದು ಅನುಕೂಲ.

ನೋಡಿದವನು ಮೇಲ್ವಿಚಾರಕ ಒಬ್ಬನೇ. ಹಿತಾ ಹೆದರಿ ನಿಂತಳು. ಅವನು ಹೆಬ್ಬೆರಳೆತ್ತಿ, "ಕೊನೆಗೂ ಒಬ್ಬರಿಗೆ ತಲೆ ಓಡಿತು. ದೊಡ್ಡ ಬಾಗಿಲು ಬೆಂಕಿ ಬಿದ್ದರೆ ಓಡುವ ದಾರಿ, ಅಲ್ಲಿ ಏನೂ ಇಡಬೇಡಿ ಎಂದು ಅಂಟಿಸಿದ್ದೇನಲ್ಲ" ಎಂದು ಗೋಡೆ ತೋರಿಸಿದ. ಅಲ್ಲಿ ಡಚ್ಚಿನಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದ ಒಂದು ಹಾಳೆ ಇತ್ತು. ಅದರ ಮೇಲೆ ಬಳಗದವರು ಕನ್ನಡ ಬಾವುಟ ಅಂಟಿಸಿದ್ದರು.

ಮುಂದಿನದಕ್ಕೆ ಹಿತಾ ಏನೂ ಮಾಡಬೇಕಾಗಿರಲಿಲ್ಲ. ನಮ್ಮ ಜನ ಬಾಗಿಲನ್ನು ಗುರುತಿಸುವುದು ಫಲಕ ನೋಡಿಯಲ್ಲ, ಚಪ್ಪಲಿ ನೋಡಿ. ಉಟ್ರೆಕ್ಟಿನಿಂದ ಬಂದವರು, ಗ್ರೋನಿಂಗನ್ನಿನ ವಿದ್ಯಾರ್ಥಿಗಳು, ಎಲ್ಲರೂ ದೊಡ್ಡ ಬಾಗಿಲನ್ನು ದಾಟಿ, ಮಳೆಯಲ್ಲಿ ನೆನೆದು, ಶಾಲೆಯನ್ನು ಸುತ್ತಿ, ಗಾಜಿನಾಚೆ ಗುಡ್ಡೆ ಕಂಡಲ್ಲಿ ಒಳಗೆ ಬಂದರು. ಬಂದವರೆಲ್ಲ ಬಿಟ್ಟಿದ್ದು ಅಲ್ಲೇ. ಗುಡ್ಡೆ ಬೆಳೆದು ಅಟ್ಲಾಂಟಿಕ್‌ನ ಅಂಚು ಮುಟ್ಟಿತು.

ಗೋವಿಂದರಾಜು ಹಾರದ ಬುಟ್ಟಿ ಹಿಡಿದು ಬಂದವರು ಕಿರುಚಿಯೇಬಿಟ್ಟರು.

"ಅಯ್ಯಯ್ಯೋ! ಯಾರ್ರೀ ಇಲ್ಲಿ ಚಪ್ಪಲಿ ಬಿಟ್ಟಿದ್ದು? ಡಯಾಸ್ ಮುಂದೆ!"

"ಎಲ್ರೂ ಅಲ್ಲೇ ಬಿಡ್ತಿದಾರೆ. ನಾನೂ ಅಲ್ಲೇ ಬಿಟ್ಟೆ" ಎಂದರು ಅವರ ಹೆಂಡತಿ ಪ್ರಭಾ, ಕೋಸಂಬರಿಗೆ ಉಪ್ಪು ಉದುರಿಸುತ್ತ. "ನಿಮ್ಮದು ಯಾವ್ದು ಮತ್ತೆ, ಆ ಹಸಿರು ಸಾಕ್ಸ್ ತುರುಕಿರೋದು? ಎಲ್ಲಕ್ಕಿಂತ ಮುಂದೆ ಅದೇ ಇದೆ."

"ನಾನು ಆ ಕಡೆ ಬಿಟ್ಟಿದ್ದೆ ಕಣೇ!"

"ಹಂಗಾದ್ರೆ ನಡ್ಕೊಂಡು ಬಂದಿರ್ಬೇಕು. ಅಧ್ಯಕ್ಷರ ಶೂ ಅಲ್ವಾ, ಹಿಂದೆ ಇರೋಕೆ ಮನಸ್ಸಾಗಿಲ್ಲ."

"ಸಂದೀಪ್! ಎಲ್ಲ ಎತ್ತಿ ಆ ಕಡೆ ಹಾಕು!"

ಸಂದೀಪ್ ಬಗ್ಗಿದ್ದೇ ತಡ, ಮೇಲ್ವಿಚಾರಕ ಅಡ್ಡ ನಿಂತು ಗೋಡೆಯ ಕಡೆ ಬೆರಳು ತೋರಿಸಿದ. ಅಷ್ಟರಲ್ಲಿ ಅಧ್ಯಕ್ಷರ ಫೋನು ಹೊಡೆದುಕೊಂಡಿತು. ಅತಿಥಿಗಳ ಬಸ್ಸು ಊರೊಳಗೆ ಬಂದಿತ್ತು. ಗೋವಿಂದರಾಜು ಗುಡ್ಡೆ ನೋಡಿದರು, ನಕ್ಷೆ ನೋಡಿದರು. ಅವರ ಮುಖದ ಮೇಲೆ ಒಂದು ಘೋರ ಸತ್ಯ ನಿಧಾನವಾಗಿ ಇಳಿಯುವುದನ್ನು ಹಿತಾ ಕಣ್ತುಂಬ ನೋಡಿದಳು.

"ಹಿತಾ! ಬ್ರಿಜ್‌ವಾಟರ್ ಎತ್ತು! ಬೇಗ ಎತ್ತಮ್ಮ!"

"ಎಲ್ಲಿಗೆ ಅಂಕಲ್?"

"ಮೊದ್ಲು ಎಲ್ಲಿತ್ತೋ ಅಲ್ಲಿಗೆ! ಅದೇ ಒಳ್ಳೇ ಜಾಗ, ನೀಟಾಗಿದೆ, ಗಾಳಿ ಬೆಳಕು ಇದೆ."

"ಎಡಿಸನ್?"

"ಅದನ್ನೂ! ಎಲ್ಲಾನೂ!"

"ಕೇಪ್ ಮೇ?"

"ಯಾವ್ದಾದ್ರೂ ಹಾಕು ತಾಯಿ, ಖಾಲಿ ಬಿಡ್ಬೇಡ ಅಷ್ಟೇ."

ಹಿತಾ ಮಂಡಿಯೂರಿದಳು. ಬೆರಳ ಸಂದಿಯಿಂದ ಬಿಳಿ ಇಳಿಯಿತು, ಕೇಸರಿ ಇಳಿಯಿತು, ನೀಲಿ ಇಳಿಯಿತು. ಆಬ್ಸೀಕನ್ ಮರಳಿ ಬಂತು. ಕೇಪ್ ಮೇ ತನ್ನ ಮೂಗನ್ನು ಕೊಲ್ಲಿಗೆ ಚಾಚಿತು. ಎಣ್ಣೆ ತುಂಬಿದ ದೀಪದ ಕಂಬವನ್ನು ತೆಗೆಯಲು ಯಾರೂ ಬಿಡಲಿಲ್ಲ; ಅದನ್ನು ತಬ್ಬಿ ಹಿನ್ನೀರಿನಿಂದ ಎತ್ತಿ, ಅಳಿವೆಯ ಪಕ್ಕ, ದ್ವೀಪದ ತುದಿಯಲ್ಲಿ ಇಟ್ಟಳು. ನಿಜವಾದ ದೀಪಸ್ತಂಭ ಇರುವುದೂ ಅಲ್ಲೇ. ಇದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಅತಿಥಿಗಳು ಗಾಜಿನ ಬಾಗಿಲಿಂದಲೇ ಬಂದರು, ಅಂದರೆ ಸಮುದ್ರದ ಕಡೆಯಿಂದ, ಕ್ಯಾಪ್ಟನ್ ಮೇ ಬಂದ ಹಾಗೆ. ರುದ್ರಪ್ಪನವರು ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರು. ಪಕ್ಕದಲ್ಲಿ ಅವರ ಹೆಂಡತಿ ಪಾರ್ವತೆವ್ವ, ಇಳಕಲ್ ಸೀರೆಯ ಮೇಲೆ ದಪ್ಪನೆಯ ಜಾಕೆಟ್ಟು. ಗೋವಿಂದರಾಜು ಹಾರ ಹಾಕಿ, ಅವರ ಮೊಣಕೈ ಹಿಡಿದು ಇಡೀ ರಾಜ್ಯವನ್ನು ಬಳಸಿ ಒಳನಾಡಿನ ಕಡೆ ಎಳೆದೊಯ್ದರು. "ಸಾರ್, ನಿಮ್ಮ ಬ್ರಿಜ್‌ವಾಟರ್! ಸ್ಪೆಷಲ್ ಜಾಗದಲ್ಲಿ ಇಟ್ಟಿದೀವಿ."

ಪಾರ್ವತೆವ್ವ ಕರಾವಳಿಯ ಬದಿಯಿಂದ ಕದಲಿರಲಿಲ್ಲ. "ಅಯ್ಯ, ಬ್ರಿಜ್‌ವಾಟರ್ ಏನ್ ನೋಡ್ತೀರಿ, ಅದನ್ನ ದಿನಾ ನೋಡೂದ ಐತಿ. ನಮ್ಮ ಕೇಪ್ ಮೇ ಎಲ್ಲೈತಿ ತೋರಸ್ರಿ. ವರ್ಷಾ ಬ್ಯಾಸಿಗ್ಯಾಗ ಅಲ್ಲೇ ಹೋಗ್ತೇವಿ." ಬಗ್ಗಿ ನೋಡಿ ಕೂಗಿದರು: "ರೀ, ಬರ್ರಿಲ್ಲೆ! ಹೋದ ವರ್ಷ ನನ್ನ ಒಂದು ಚಪ್ಲಿ ತೇಲಿ ಹೋತಲ್ಲ, ಅದು ಇಲ್ಲೇ ನೋಡ್ರಿ!"

ಬಂದವರೆಲ್ಲ ಒಳನಾಡು ಬಿಟ್ಟು ಕರಾವಳಿಗೆ ಮುಗಿಬಿದ್ದರು. ಯಾರಿಗೂ ತಮ್ಮ ತಮ್ಮ ಊರು ಬೇಕಿರಲಿಲ್ಲ. ಒಬ್ಬರಿಗೆ ಮಗ ಏಡಿ ಹಿಡಿದ ಹಿನ್ನೀರು ಬೇಕು, ಇನ್ನೊಬ್ಬರಿಗೆ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಸಿಕ್ಕಿಕೊಂಡ ಸೇತುವೆ.

"ನಾನೇ ಹೇಳಿ ಹಾಕಿಸಿದ್ದು ಮೇಡಂ," ಎಂದರು ಗೋವಿಂದರಾಜು ಏದುಸಿರು ಬಿಡುತ್ತ ವಾಪಸು ಬಂದು. "ಏನ್ ಬಿಟ್ರೂ ಕೇಪ್ ಮೇ ಬಿಡ್ಬೇಡಿ ಅಂತ."

ಹಿತಾ ಅವರ ಮುಖವನ್ನು ಆಸಕ್ತಿಯಿಂದ ನೋಡಿದಳು. ಸುಳ್ಳು ಹೇಳುವವರ ಮುಖ ಹೀಗಿರುವುದಿಲ್ಲ. ಅವರು ಆಗಲೇ ಅದನ್ನು ನಂಬಿಬಿಟ್ಟಿದ್ದರು.

ಆ ಗದ್ದಲದ ನಡುವೆ ಮಾರ್ಯೋಲೈನ್ ಯಾವಾಗ ಬಂದಳೋ ಗೊತ್ತಾಗಲಿಲ್ಲ. ಎತ್ತರದ ಹೆಂಗಸು, ನರೆತ ಗಿಡ್ಡ ಕೂದಲು, ಕಾಲಲ್ಲಿ ಉಣ್ಣೆಯ ಕಾಲುಚೀಲ. ಬಗ್ಗಿ, ನಕ್ಷೆಯ ಅಂಚಿಗೆ ಅಂಚಿಗೆ ನಡೆದು, ಒಂದೊಂದು ಹೆಸರನ್ನೂ ತುಟಿ ಅಲುಗಿಸುತ್ತ ಓದಿದಳು. ಅವಳು ದಕ್ಷಿಣದ ತುದಿ ಮುಟ್ಟುವವರೆಗೆ ಹಿತಾ ಒಂದು ಹೆಜ್ಜೆ ಹಿಂದೆಯೇ ನಡೆದಳು.

"ಸರಿಯಾಗಿದೆ," ಎಂದಳು ಮಾರ್ಯೋಲೈನ್. ಡಚ್ಚರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. "ಮೂರು ಬಣ್ಣ ನನಗೆ ಬಹಳ ಹಿಡಿಸಿತು. ಒಂದೇ ಒಂದು ಮಾತು. ಪ್ರದರ್ಶನದಲ್ಲಿ ಕೇಸರಿ ಅಕ್ಷರ ಸ್ವಲ್ಪ ದೊಡ್ಡದು ಮಾಡೋಣ. ನಮ್ಮ ಆಡಳಿತ ಮಂಡಳಿಯವರು ಎದುರಿಗೆ ತಮ್ಮ ಹೆಸರುಗಳನ್ನೇ ನೋಡಲು ಇಷ್ಟಪಡುತ್ತಾರೆ. ಬಿಳಿಯ ಹೆಸರುಗಳನ್ನು ಬೇರೆ ಫಲಕದಲ್ಲಿ ಹಾಕಬಹುದು. ಹೊರಗೆ ಹೋಗುವಲ್ಲಿ, ಕೋಟು ನೇತುಹಾಕುವ ಗೋಡೆಯ ಮೇಲೆ ಜಾಗ ಇದೆ."

ಹಿತಾ ಅವಳನ್ನೇ ದಿಟ್ಟಿಸಿದಳು. ಜುಬ್ಬ ಒಂದಿರಲಿಲ್ಲ. ಉಳಿದಂತೆ ಗೋವಿಂದರಾಜುವೇ, ನರೆಗೂದಲಿಟ್ಟುಕೊಂಡು, ಉಣ್ಣೆಯ ಕಾಲುಚೀಲ ಹಾಕಿಕೊಂಡು ನಿಂತಿದ್ದರು. ಅವರಿಗೆ ಚಪ್ಪಲಿ, ಇವಳಿಗೆ ಕೋಟು.

ತಲೆಯೊಳಗಿನ ವಾಗ್ಮಿ ಎದ್ದು ಗಂಟಲು ಸರಿಮಾಡಿಕೊಂಡಳು. ಸುಮ್ಮನೆ 'ಸರಿ' ಎಂದುಬಿಟ್ಟರೆ ಕೆಲಸ ಸಿಗುತ್ತದೆ, ಡಿಸೆಂಬರು ದಾಟುತ್ತದೆ. ಬಾಯಿ ಆ ಪದಕ್ಕೆ ಸಿದ್ಧವಾಗಿಯೂ ಇತ್ತು, ಅಭ್ಯಾಸಬಲ. ಅಷ್ಟರಲ್ಲಿ ಕಣ್ಣು ಆಬ್ಸೀಕನ್ ಮೇಲೆ ಬಿತ್ತು. ಆಗಷ್ಟೇ ಎಳೆದ ಬಿಳಿ, ಇನ್ನೂ ಬೆರಳ ತುದಿಯಲ್ಲೂ ಉಳಿದಿತ್ತು.

"ಹೆಸರುಗಳು ಅಲ್ಲಲ್ಲೇ ಇರಲಿ," ಎಂದಳು. "ಬೇಕಾದರೆ ಕೋಟುಗಳನ್ನು ಬೇರೆ ಕಡೆ ನೇತುಹಾಕಿ."

ಹೇಳಿದ್ದು ತಾನೇ ಎಂದು ನಂಬಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು. ಅಲ್ಲಿಗೆ ಮೈಸೂರೇ ಗತಿ ಎಂದುಕೊಂಡಳು.

ಮಾರ್ಯೋಲೈನ್ ಹುಬ್ಬು ಗಂಟಿಕ್ಕಿ ನಕ್ಷೆ ನೋಡಿದಳು, ಅವಳನ್ನು ನೋಡಿದಳು. "ನೀವು ಮಾತೇ ಆಡುವುದಿಲ್ಲ ಎಂದು ನಿಮ್ಮ ಪ್ರೊಫೆಸರು ಹೇಳಿದ್ದರು."

"ಆಡುವುದಿಲ್ಲ."

"ಹೂಂ. ಮಂಡಳಿಯವರಿಗೆ ಇದು ಹಿಡಿಸುವುದಿಲ್ಲ." ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, "ನನಗೂ ಪೂರ್ತಿ ಹಿಡಿಸಿಲ್ಲ. ಸೋಮವಾರ ಬನ್ನಿ, ಕಾಗದಪತ್ರ ಶುರು ಮಾಡೋಣ. ಆ ಗೋಡೆಯನ್ನೂ ತೋರಿಸುತ್ತೇನೆ. ಜಗಳ ಅಲ್ಲೇ ನಿಂತು ಮುಂದುವರಿಸೋಣ" ಎಂದಳು. ಹೊರಡುವ ಮೊದಲು ಅವಳು ಗಾಜಿನ ಬಾಗಿಲ ಬಳಿ ಬಹಳ ಹೊತ್ತು ಬಗ್ಗಿ ತನ್ನ ಶೂ ಹುಡುಕಿದಳು. ಒಂದು ಸಿಕ್ಕಿತು, ಇನ್ನೊಂದು ಗೋವಿಂದರಾಜು ಅವರ ಶೂವಿನ ಕೆಳಗಿತ್ತು.

ಸಂಜೆ ಲೈಡನ್ ಕಡೆಯ ರೈಲಿನಲ್ಲಿ ಕೂತಾಗ ಬಳಗದ ವಾಟ್ಸ್ಯಾಪ್ ಗುಂಪಿಗೆ ಫೋಟೋ ಬಂತು. ನ್ಯೂಜೆರ್ಸಿಯ ಹಿಂದೆ ಅತಿಥಿಗಳು, ಪದಾಧಿಕಾರಿಗಳು, ಹಾರಗಳು. ಹಿತಾ ಅದರಲ್ಲಿರಲಿಲ್ಲ; ಆಗ ಅವಳು ಹಲಗೆಯ ಸಂದಿಗೆ ಬಿದ್ದ ಪುಡಿ ಗುಡಿಸುತ್ತಿದ್ದಳು. ಕೆಳಗೆ ಸಂದೀಪ್ ಬರೆದಿದ್ದ: 'ಪರಿಕಲ್ಪನೆ: ಗೋವಿಂದರಾಜು. ಕಲೆ ಮತ್ತು ಅಲಂಕಾರ: ಪ್ರಭಾ ಗೋವಿಂದರಾಜು.'

ಕ್ಯಾಪ್ಟನ್ ಮೇಯ ಹಾಗೆ, ಈ ಭೂಶಿರಕ್ಕೂ ಅದೇ ಹೆಸರು, ಆ ಭೂಶಿರಕ್ಕೂ ಅದೇ. ಹಿತಾಳಿಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುವಷ್ಟು ನಗು ಬಂತು. ಅವಳು ಆ ಫೋಟೋಕ್ಕೆ ಒಂದು ಹೆಬ್ಬೆರಳು ಒತ್ತಿ, ಉಗುರಿನ ಸಂದಿಯ ಬಿಳಿ ಪುಡಿಯನ್ನು ಹಾಗೇ ಬಿಟ್ಟು, ಸೋಮವಾರದ ರೈಲು ಯಾವುದೆಂದು ನೋಡತೊಡಗಿದಳು.